ಉತ್ತರದ ಗೋಡೆ

ಬೆಳಗಿನ ಹೊತ್ತು ಏರುವ ಮೊದಲೇ ಗುಂಡಿಯ ತುಂಬ ನೆರಳು. ಆಳುದ್ದ ಅಗೆದು ಮೇಲೆ ಪ್ಲಾಸ್ಟಿಕ್ ಹೊದಿಸಿದ ಆ ಹಸಿರುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಎರ್ಮಿನಿಯಾ ರಾತ್ರಿಯ ಹಿಮಕ್ಕೆ ಕಪ್ಪಾಗಿದ್ದ ಸೊಪ್ಪಿನ ಸಸಿಗಳನ್ನು ಕಿತ್ತು ಹಾಕುತ್ತಿದ್ದಳು. ಹೊರಗೆ ಬಯಲೆಲ್ಲ ಜೂನ್ ತಿಂಗಳ, ಅಂದರೆ ಇಲ್ಲಿನ ನಡುಚಳಿಗಾಲದ, ಎಳೆಬಿಸಿಲು. ಇವಳ ಗುಂಡಿಯಲ್ಲಿ ಮಾತ್ರ ಉಸಿರು ಬಿಟ್ಟರೆ ಹೊಗೆ.

ತಪ್ಪೇನೆಂದು ಈಗ ಗೊತ್ತಾಗಿತ್ತು. ನಮ್ಮ ಆಯ್ಮಾರಾ ಮಂದಿಯಲ್ಲಿ ಯಾವ ಮನೆಯ ಬಾಗಿಲಾದರೂ ಹುಟ್ಟುವ ಸೂರ್ಯನಿಗೇ ಮುಖ ಮಾಡಬೇಕು. ಮೊದಲ ಸಲ ಹಸಿರುಮನೆ ಕಟ್ಟಲು ಹೊರಟವಳು ಅದನ್ನೂ ಮನೆಯೆಂದೇ ತಿಳಿದು ಚಾವಣಿಯನ್ನು ಪೂರ್ವಕ್ಕೆ ಇಳಿಸಿದ್ದಳು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಈ ಬೆಟ್ಟನಾಡಿನಲ್ಲಿ ಚಳಿಗಾಲದ ಸೂರ್ಯನೋ ದಿನವೆಲ್ಲ ಉತ್ತರದ ಗುಡ್ಡಕ್ಕೆ ಒರಗಿಕೊಂಡೇ ಸಾಗುತ್ತಾನೆ. ಆ ದಿಕ್ಕಿಗೆ ಇವಳು ಕೈಯಾರೆ ಎಬ್ಬಿಸಿದ ಎತ್ತರದ ಗೋಡೆ.

ಅದನ್ನು ಕೆಡವಿ ಚಾವಣಿ ತಿರುಗಿಸುವುದು ಒಬ್ಬಳ ಕೈಲಾಗುವ ಕೆಲಸವಲ್ಲ. ಅಗೆಯಲು ಊರೆಲ್ಲ ಮುಯ್ಯಾಳಾಗಿ ಬಂದಿತ್ತು. ಆ ಮುಯ್ಯಿ ತೀರಿಸಲು ಸುಗ್ಗಿಯುದ್ದಕ್ಕೂ ಕಂಡವರ ಹೊಲದ ಆಲೂಗಡ್ಡೆ ಕಿತ್ತು ಅವಳ ಸೊಂಟ ಬಿದ್ದುಹೋಗಿತ್ತು. ಮತ್ತೆ ಕರೆದರೆ ಮತ್ತೆ ತೀರಿಸಬೇಕು. ಬಿಟ್ಟುಬಿಡೋಣ ಎನ್ನಿಸಿತು. ಬಿಟ್ಟರೆ ಈ ಚಳಿಗಾಲವೂ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯೇ ಗತಿ, ಊರವರ ನಗು ಬೇರೆ.

ಅವಳಿಗೆ ಒಂದು ದಿನದ ಆಳು ಬರಬೇಕಾಗಿದ್ದದ್ದು ಒಂದೇ ಮನೆಯಿಂದ. ಓರಗಿತ್ತಿ ತಿಯೊದೋರಾ ಮನೆಗೆ ಹುಲ್ಲು ಹೊದಿಸುವಾಗ ಎರ್ಮಿನಿಯಾ ದಿನವಿಡೀ ಮಣ್ಣು ಹೊತ್ತಿದ್ದಳು. ಆಮೇಲೆ ತಿಯೊದೋರಾಳ ಕುರಿಗಳು ಇವಳ ಹೊಲಕ್ಕೆ ನುಗ್ಗಿದವು, ಮಾತಿಗೆ ಮಾತು ಬೆಳೆಯಿತು, ಅಂದಿನಿಂದ ಮುಖ ನೋಡಿಲ್ಲ. ಗಂಡಂದಿರಿಬ್ಬರೂ ಸತ್ತ ಮೇಲೆ ಇಬ್ಬರ ನಡುವೆ ಉಳಿದಿದ್ದದ್ದು ಆ ಒಂದು ದಿನದ ಬಾಕಿ ಮಾತ್ರ. ಕೇಳಿದರೆ ಅದೂ ಮುಗಿಯುತ್ತದೆ ಎಂದು ಎರ್ಮಿನಿಯಾಳಿಗೆ ಒಳಗೊಳಗೇ ಭಯ. ಆದರೂ ಹೋದಳು.

ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದ ತಿಯೊದೋರಾ ಕದಿರು ನಿಲ್ಲಿಸಲಿಲ್ಲ.

"ಏನು, ಮುಯ್ಯಿ ತೀರಿಸ್ಕೊಳ್ಳೋಕೆ ಬಂದ್ಯಾ?"

"ಅಕ್ಕಾ, ನಿಂದು ಒಂದಿನ ಬಾಕಿ ಇದೆ."

"ಗೊತ್ತು ಬಿಡು. ಗುಂಡೀನ ಪೂರ್ವಕ್ಕೆ ತಿರುಗಿಸಿದ್ದೀಯಂತಲ್ಲ. ಸೊಪ್ಪೇನು ಬೆಳಿಗ್ಗೆದ್ದು ಸೂರ್ಯಂಗೆ ಕೈಮುಗಿಯುತ್ತಾ?"

ಎರ್ಮಿನಿಯಾಳಿಗೆ ಸಿಟ್ಟು ಬರಬೇಕಿತ್ತು. ದಣಿದವಳಿಗೆ ಅದೂ ಬರಲಿಲ್ಲ.

"ನನ್ ಕೈಲಾಗ್ತಿಲ್ಲ ಅಕ್ಕಾ," ಎಂದಳು.

ತಿಯೊದೋರಾ ಕದಿರು ಕೆಳಗಿಟ್ಟಳು.

ಮರುದಿನ ಬೆಳಕು ಹರಿಯುತ್ತಲೇ ಗುದ್ದಲಿ ಹೊತ್ತು ಬಂದಳು. ಭೂತಾಯಿಗೆ ಒಂದಿಷ್ಟು ಕೋಕಾ ಎಲೆ ಹಾಕಿ, ಮಿಕ್ಕಿದ್ದನ್ನು ಇಬ್ಬರೂ ದವಡೆಗೆ ಇಟ್ಟುಕೊಂಡರು. ಉತ್ತರದ ಗೋಡೆ ಕೆಡವಿ, ಅದೇ ಮಣ್ಣಿನ ಇಟ್ಟಿಗೆಯಿಂದ ದಕ್ಷಿಣದ್ದನ್ನು ಎತ್ತರಿಸಿದರು. ಮಾತು ಹೆಚ್ಚಿರಲಿಲ್ಲ. "ಆ ಕಡೆ ಹಿಡಿ." "ಮೆಲ್ಲಗೆ ಕಣೇ, ಸೊಂಟ ನೋಡ್ಕೋ." ತೊಲೆ ತಿರುಗಿಸಿ ಪ್ಲಾಸ್ಟಿಕ್ ಎಳೆದು ಕಟ್ಟಿದ ಮೇಲೆ ಬಿಸಿಲು ಗುಂಡಿಯ ತಳದವರೆಗೂ ಇಳಿಯಿತು. ತಿಯೊದೋರಾ ನೆಲಕ್ಕೆ ಅಂಗೈ ಒತ್ತಿ ನೋಡಿದಳು.

"ಬೆಚ್ಚಗಿದೆ," ಎಂದಳು.

ದಕ್ಷಿಣದ ಗೋಡೆಯ ಮೂಲೆಯಲ್ಲಿ ಮೂರು ಇಟ್ಟಿಗೆಯಷ್ಟು ಕಂಡಿ ಉಳಿದಿತ್ತು. ಇಟ್ಟಿಗೆ ಪಕ್ಕದಲ್ಲೇ ಇದ್ದವು, ಕಲಸಿದ ಮಣ್ಣೂ ಇತ್ತು, ಗುಡ್ಡದ ಮೇಲೆ ಇನ್ನೂ ಬಿಸಿಲಿತ್ತು. ತಿಯೊದೋರಾ ಕೈ ತೊಳೆದು ಶಾಲು ಹೊದ್ದುಕೊಂಡಳು.

"ಇವತ್ತಿಗೆ ಸಾಕು. ನನ್ ಬಾಕಿ ದಿನ ಇನ್ನೂ ತುಂಬಿಲ್ಲ. ಮಿಕ್ಕಿದ್ದು ಇನ್ನೊಂದಿನ ಬಂದು ಮಾಡ್ತೀನಿ."

"ಯಾವತ್ತು ಅಕ್ಕಾ?"

"ಬರ್ತೀನಿ."

ಅವಳು ಹೋದ ಮೇಲೆ ಎರ್ಮಿನಿಯಾ ಕಂಡಿಯ ಮುಂದೆ ನಿಂತಳು. ಗಾಳಿ ಆಗಲೇ ಕೊರೆಯತೊಡಗಿತ್ತು. ಮೂರೂ ಇಟ್ಟಿಗೆಗಳನ್ನು ಎತ್ತಿ, ತಿಯೊದೋರಾ ಬಂದಾಗ ಕೈಗೆ ಸಿಗಲೆಂದು ಗೋಡೆಯ ಬುಡದಲ್ಲಿ ಜೋಡಿಸಿಟ್ಟಳು. ಆಮೇಲೆ ಒಂದು ಹೊರೆ ಒಣಹುಲ್ಲು ತಂದು ಕಂಡಿಯೊಳಗೆ ತುರುಕಿದಳು.