ಎಂಟು ಕಂಪ್ಯೂಟರ್, ಒಂದು ಸಾಲು

ಶೀತಲ್ ಒದ್ದೆ ಬಟ್ಟೆಯನ್ನು ಹಿಂಡಿ ಮೊದಲನೆಯ ಕಂಪ್ಯೂಟರಿನ ಗಾಜು ಒರೆಸಿದಳು. ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು. ಕೀಬೋರ್ಡಿನ ಸಂದಿಯಲ್ಲಿದ್ದ ಧೂಳನ್ನು ಹಳೆಯ ಪೇಂಟ್ ಬ್ರಷ್ಷಿನಿಂದ ತೆಗೆದಳು. ಆಮೇಲೆ ಸ್ವಿಚ್ ಹಾಕಿ, ತೆರೆಯ ಮೇಲೆ ಚಿತ್ರ ಮೂಡುವವರೆಗೆ ಕಾದು, ಡಾಸಿನ ಕಪ್ಪು ಕಿಟಕಿ ತೆರೆದು, ಒಂದೊಂದೇ ಅಕ್ಷರ ಹುಡುಕಿ ಒಂದು ಸಾಲು ಒತ್ತಿದಳು. ಅದೇ ಕಿಟಕಿಯಲ್ಲಿ ಆ ಸಾಲಿನ ಕೆಳಗೆ ಒಂದು ಹೆಸರು ಒತ್ತಿದಾಗ ಹುಡುಗರು ಪ್ರೋಗ್ರಾಂ ಬರೆಯುವ ಬಿಳಿಯ ಪುಟ ತೆರೆದುಕೊಂಡಿತು. ನಂತರ ಎರಡನೆಯ ಕಂಪ್ಯೂಟರ್. ಹೀಗೆ ಎಂಟು. ಕೋಣೆಯಲ್ಲಿ ಅವಳ ಬೆರಳಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಔಷಧದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಆ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಅವಳು ಭದ್ರಾವತಿಯ ಕಾಗದನಗರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಗುಡಿಸುವುದು, ಒರೆಸುವುದು, ಕಾಫಿ ತರುವುದು ಅವಳ ಕೆಲಸ. ಒಂಬತ್ತನೆಯ ತರಗತಿಯಲ್ಲಿ ಮೇಷ್ಟ್ರು "ಎದ್ದು ನಿಂತು ಓದು" ಎಂದಾಗ ಅವಳ ಗಂಟಲಿನಿಂದ ಸ್ವರವೇ ಹೊರಡದೆ, ಇಡೀ ತರಗತಿ ನಕ್ಕಿತ್ತು. ಮರುದಿನದಿಂದ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ಅವಳಿಗೆ ಹತ್ತೊಂಬತ್ತು.

ಆ ಸಾಲನ್ನು ಕಲಿಸಿದವರು ವಿಮಲಾ ಮಿಸ್. ಹೊಳೆಹೊನ್ನೂರಿನವರು, ಜಾವಾ ಹೇಳಿಕೊಡುತ್ತಿದ್ದರು.

"ಜಾವಾ ಯಾವ ಫೋಲ್ಡರಲ್ಲಿದೆ ಅಂತ ಕಂಪ್ಯೂಟರಿಗೆ ವಿಳಾಸ ಹೇಳೋದು ಇದು, ಪಾತ್ ಅಂತಾರೆ. ಆದ್ರೆ ಈ ಕಿಟಕೀಲಿ ಹೇಳಿದ್ದು ಈ ಕಿಟಕಿಗೆ, ಇದರೊಳಗಿಂದ ಹುಟ್ಟಿದ್ದಕ್ಕೆ ಮಾತ್ರ ಗೊತ್ತು ಕಣೆ. ಡೆಸ್ಕ್‌ಟಾಪಿನ ಮೇಲಿರೋ ಚಿತ್ರ ಒತ್ತಿ ತೆರೆದ್ಯೋ, ಅದು ಪಕ್ಕದ ಮನೆ ಮಗು. ನಮ್ಮನೆ ಮಾತು ಅದಕ್ಕೆ ಏನು ತಿಳಿಯುತ್ತೆ?"

"ದಿನಾ ಹೇಳ್ಬೇಕಾ ಮಿಸ್?"

"ಶುರುವಾಗೋವಾಗ ಓದೋ ಒಂದು ಫೈಲಿದೆ. ಅದರಲ್ಲಿ ಒಂದ್ಸಲ ಬರೆದ್ರೆ ಎಲ್ಲಾ ಪ್ರೋಗ್ರಾಮಿಗೂ ಗೊತ್ತಾಗುತ್ತೆ. ನಿಮ್ಮ ಸಾಹೇಬ್ರು ಬಿಡ್ಬೇಕಲ್ಲ!"

ಸಾಹೇಬರು ಎಂದರೆ ಕೇಂದ್ರದ ಮಾಲೀಕ ಶಂಕರನಾರಾಯಣ. ಹಿಂದಿನ ವರ್ಷ ಯಾರೋ ಆ ಫೈಲಿಗೆ ಕೈ ಹಾಕಿ, ಒಂದು ಕಂಪ್ಯೂಟರ್ ವಾರಗಟ್ಟಲೆ ಎದ್ದಿರಲಿಲ್ಲ. ಅಂದಿನಿಂದ ಅದನ್ನು ಮುಟ್ಟಿದವರಿಗೆ ಮನೆ ದಾರಿ ಎಂದು ಅವರು ಗೋಡೆಗೆ ಚೀಟಿ ಅಂಟಿಸಿದ್ದರು. ಹಾಗಾಗಿ ದಿನವೂ ಬೆಳಿಗ್ಗೆ ಎಂಟು ಸಲ ಆ ಸಾಲು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಿಮಲಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಓದಿಸುತ್ತಿದ್ದರು. ಶೀತಲ್ ಪಿಸುಗುಟ್ಟಿದಂತೆ ಓದುತ್ತಿದ್ದಳು. "ಇಲಿಗೂ ಇದಕ್ಕಿಂತ ದೊಡ್ಡ ಗಂಟಲಿದೆ ಮಾರಾಯ್ತಿ," ಎಂದು ವಿಮಲಾ ನಗುತ್ತಿದ್ದರು. ಆ ನಗೆ ಶಾಲೆಯ ನಗೆಯಂತಿರಲಿಲ್ಲ. ಏಪ್ರಿಲಿನಲ್ಲಿ ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸುವುದೆಂದು ಮಾತಾಗಿತ್ತು. ಈ ವಿಷಯ ಶೀತಲ್ ತನ್ನ ಅವ್ವ ಕಲ್ಲಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಒಡೆದುಹೋಗುತ್ತದೋ ಎಂಬ ಭಯ.

ಅಂದು ಮುಖ್ಯ ಕಚೇರಿಯಿಂದ ರೇಣುಕಾಪ್ರಸಾದ್ ಎಂಬ ಅಧಿಕಾರಿ ಬರುವವರಿದ್ದರು. ಜಾವಾ ತರಗತಿ ಸರಿಯಾಗಿ ನಡೆಯುತ್ತಿದೆ ಎಂದು ಅವರಿಗೆ ಅನ್ನಿಸಿದರೆ ವಿಮಲಾ ಉಳಿಯುತ್ತಾರೆ. ಇಲ್ಲವಾದರೆ ತರಗತಿಯೂ ಇಲ್ಲ, ವಿಮಲಾ ಮಿಸ್ಸೂ ಇಲ್ಲ. ವಾರದಿಂದ ಕೇಂದ್ರದಲ್ಲಿ ಅದೇ ಮಾತು.

ಎಂಟನೆಯ ಕಂಪ್ಯೂಟರ್ ಮುಗಿಯುವ ಹೊತ್ತಿಗೆ ಶಂಕರನಾರಾಯಣ ಒಳಗೆ ಬಂದರು. ಇಸ್ತ್ರಿ ಶರ್ಟು, ಹಣೆಯಲ್ಲಿ ಕುಂಕುಮ.

"ಏನಮ್ಮಾ ಇದು, ಎಲ್ಲದರಲ್ಲೂ ಕಪ್ಪುಕಪ್ಪಾಗಿ ತೆರೆದಿಟ್ಟಿದೀಯ? ಶುಭಕಾರ್ಯಕ್ಕೆ ಬಂದೋರಿಗೆ ಇದನ್ನ ತೋರಿಸ್ತಾರಾ? ಮುಚ್ಚು, ಎಲ್ಲಾ ಮುಚ್ಚು. ಆ ಗುಲಾಬಿ ಹೂವಿನ ಚಿತ್ರ ಕಾಣ್ಲಿ."

"ಸರ್, ಅದು..."

"ಅದೂ ಇಲ್ಲ, ಇದೂ ಇಲ್ಲ. ಹೇಳಿದ್ದು ಮಾಡು."

ಕಿಟಕಿ ಮುಚ್ಚಿದರೆ ಒತ್ತಿದ ಸಾಲೂ ಅದರೊಂದಿಗೇ ಹೋಗುತ್ತದೆಂದು ಶೀತಲ್‌ಗೆ ಚೆನ್ನಾಗಿ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಮಿಸ್ ಬಂದ ಕೂಡಲೇ ಹೇಳಿದರಾಯಿತು ಎಂದುಕೊಂಡು ಅವಳು ಬಿಳಿಯ ಪುಟಗಳನ್ನೂ ಕಪ್ಪು ಕಿಟಕಿಗಳನ್ನೂ ಮುಚ್ಚಿದಳು. ಎಂಟು ತೆರೆಗಳ ಮೇಲೂ ಗುಲಾಬಿ ಅರಳಿತು.

ಹೊಳೆಹೊನ್ನೂರಿನ ಬಸ್ಸು ಅಂದೇ ತಡವಾಗಬೇಕೆ! ವಿಮಲಾ ಮೆಟ್ಟಿಲು ಹತ್ತಿ ಬರುವಾಗ ಹಿಂದೆಯೇ ರೇಣುಕಾಪ್ರಸಾದ್ ಬಂದರು. ಶೀತಲ್ ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ವಿಮಲಾ ಅವಳ ಭುಜ ಮುಟ್ಟಿ, "ಎಲ್ಲಾ ರೆಡಿನಾ?" ಎಂದರು. ಅಷ್ಟು ಜನರ ಎದುರು ಶೀತಲ್ ಸುಮ್ಮನೆ ತಲೆ ಅಲ್ಲಾಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ವಿಮಲಾ ಹೌದೆಂದುಕೊಂಡು ಒಳಗೆ ಹೋದರು.

ರೇಣುಕಾಪ್ರಸಾದ್ ಮೂರನೆಯ ಕಂಪ್ಯೂಟರಿನ ಮುಂದೆ ಕೂತು, ಗುಲಾಬಿಯ ಪಕ್ಕದಲ್ಲಿದ್ದ ಚಿತ್ರವನ್ನು ಒತ್ತಿದರು. ಬಿಳಿಯ ಪುಟ ತೆರೆಯಿತು. ಹುಡುಗರು ಬರೆದಿದ್ದ ಪ್ರೋಗ್ರಾಂ ಒಂದನ್ನು ಓಡಿಸಲು ನೋಡಿದರು. ಜಾವಾ ಎಂಬುದು ಸಿಗುತ್ತಿಲ್ಲ ಎಂಬ ಉತ್ತರ ತೆರೆಯ ಮೇಲೆ ಬಂತು. ನಾಲ್ಕನೆಯದರಲ್ಲೂ ಅದೇ ಉತ್ತರ.

"ಇದರಲ್ಲಿ ಜಾವಾನೇ ಇಲ್ವಲ್ಲ ಮೇಡಂ? ಮಕ್ಕಳಿಗೆ ಏನು, ಬೋರ್ಡಿನ ಮೇಲೆ ಬರೆದು ತೋರಿಸ್ತೀರಾ?"

"ಇದೆ ಸರ್. ಪಾತ್ ಬೆಳಿಗ್ಗೆನೇ ಸೆಟ್ ಮಾಡಿರ್ತೀವಿ."

"ಎಲ್ಲಿ ಮಾಡಿದೀರಿ?"

"ಡಾಸ್ ಕಿಟಕೀಲಿ."

"ಎಲ್ಲಿದೆ ಆ ಕಿಟಕಿ?"

ವಿಮಲಾ ತೆರೆಯ ಮೇಲೆಲ್ಲ ಕಣ್ಣಾಡಿಸಿದರು. ಆಮೇಲೆ ತಿರುಗಿ ಶೀತಲ್‌ಳನ್ನು ನೋಡಿದರು. ಶೀತಲ್ ಲೋಟಗಳ ಕಡೆ ಕಣ್ಣು ಇಳಿಸಿದಳು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ದಿನಾ ಕೈಯಲ್ಲಿ ಹೊಡೀತೀರಾ? ಶುರುವಾಗೋ ಫೈಲಲ್ಲಿ ಒಂದು ಸಾಲು ಹಾಕೋಕೆ ಬರಲ್ವಾ? ಕಲಿಯೋರಿಗೂ ಗೊತ್ತಿರೋ ವಿಷಯ ಇದು."

ವಿಮಲಾ ಶಂಕರನಾರಾಯಣರ ಮುಖ ನೋಡಿದರು. ಅವರು ಚೀಟಿ ಅಂಟಿಸಿದ್ದ ಗೋಡೆಗೆ ಬೆನ್ನು ಕೊಟ್ಟು, ತಿರುಗುವ ಫ್ಯಾನನ್ನು ನೋಡುತ್ತಿದ್ದರು. ಅವರಾದರೂ ಬಾಯಿ ಬಿಡುತ್ತಾರೆಂದು ಶೀತಲ್ ಕಾದಳು. ತಾನೇ ಹೇಳಬೇಕೆಂದು ಉಸಿರು ಎಳೆದುಕೊಂಡಳು. ಎಳೆದ ಉಸಿರು ಹಾಗೆಯೇ ಹೊರಗೆ ಹೋಯಿತು.

"ನಂದೇ ತಪ್ಪು ಸರ್," ಎಂದರು ವಿಮಲಾ. "ಮರೆತುಬಿಟ್ಟೆ. ಈಗಲೇ ಮಾಡ್ತೀನಿ."

ಅವರು ಕಿಟಕಿ ತೆರೆದು ಸಾಲು ಒತ್ತತೊಡಗಿದರು. ಅವಸರದಲ್ಲಿ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ರೇಣುಕಾಪ್ರಸಾದ್ ಪೆನ್ನಿನ ಮುಚ್ಚಳ ಹಾಕಿದರು. "ಇರ್ಲಿ ಬಿಡಿ ಮೇಡಂ."

ಶನಿವಾರ ಮುಖ್ಯ ಕಚೇರಿಯಿಂದ ಕಾಗದ ಬಂತು, ಜಾವಾ ತರಗತಿ ರದ್ದು. ವಿಮಲಾ ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡರು. ಶೀತಲ್ ಬಾತ್‌ರೂಮಿನ ಬಾಗಿಲ ಹಿಂದೆ ನಿಂತಿದ್ದಳು. ಹೊರಟುನಿಂತವರು ಅಲ್ಲಿಗೇ ಬಂದು ಹೇಳಿದರು:

"ಬೇಜಾರು ಮಾಡ್ಕೋಬೇಡ. ನೀನಾಗಿ ಮುಚ್ಚಿರಲ್ಲ, ಗೊತ್ತು ನಂಗೆ. ಆದ್ರೆ ಬಾಗಿಲಲ್ಲಿ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ."

ಅಷ್ಟೇ. ಬೈದಿದ್ದರೂ ಆಗುತ್ತಿತ್ತು. ಶೀತಲ್ ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬೀದಿಯಲ್ಲಿ ಕರಗುವವರೆಗೂ ಕೇಳುತ್ತ ನಿಂತಳು.

ಭಾನುವಾರ ಅವಳು ಊಟ ಮಾಡಲಿಲ್ಲ. ಜ್ವರವೆಂದುಕೊಂಡು ಕಲ್ಲಮ್ಮ ಹಣೆ ಮುಟ್ಟಿ ನೋಡಿದಳು. ಸೋಮವಾರ ಶೀತಲ್ ನೇರವಾಗಿ ಶಂಕರನಾರಾಯಣರ ಕೋಣೆಗೆ ಹೋದಳು. ಅಲ್ಲಿ ಟೈಪಿಂಗ್ ಕಲಿಯಲು ಬಂದ ಇಬ್ಬರು ಹುಡುಗಿಯರೂ ಅವರ ತಂದೆಯೂ ಕೂತಿದ್ದರು. ಎಲ್ಲರೂ ಅವಳನ್ನು ನೋಡಿದರು. ಆದರೂ ಸ್ವರ ಹೊರಟಿತು. ಅದು ಅವಳಿಗೇ ಹೊಸದೆನ್ನುವಷ್ಟು ಗಟ್ಟಿಯಾಗಿತ್ತು.

"ಸರ್, ಆವತ್ತು ಕಿಟಕಿ ಮುಚ್ಚಿದ್ದು ನಾನು. ಮುಚ್ಚು ಅಂದಿದ್ದು ನೀವು. ಫೈಲು ಮುಟ್ಟಬೇಡಿ ಅಂದಿದ್ದೂ ನೀವೇ. ಮಿಸ್ ಏನೂ ಮರೆತಿರಲಿಲ್ಲ. ರೇಣುಕಾಪ್ರಸಾದ್ ಸಾಹೇಬ್ರಿಗೆ ಒಂದು ಫೋನ್ ಮಾಡಿ ಇದನ್ನ ಹೇಳಿ ಸರ್."

ಶಂಕರನಾರಾಯಣ ಮೇಜಿನ ಮೇಲಿದ್ದ ಅರ್ಜಿಯನ್ನು ತಿರುಗಿಸಿ, ಹುಡುಗಿಯರ ತಂದೆಯ ಮುಂದೆ ಸರಿಸಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರು. ಆ ತಂದೆ ಪೆನ್ನಿಗಾಗಿ ಜೇಬು ತಡಕಿದರು. ಹುಡುಗಿಯರು ತಲೆ ತಗ್ಗಿಸಿದರು.

"ಒಂದು ಫೋನ್ ಮಾಡಿ ಸರ್," ಎಂದಳು ಶೀತಲ್, ಇನ್ನೂ ಗಟ್ಟಿಯಾಗಿ.