ಗೋಲಿನ ಹಿಂದಿನ ಸೈಕಲ್ ಸೀಟು

ಕೋಟಿ ವಿದ್ಯೆಗಿಂತ ಗೇಟಿನ ವಿದ್ಯೆ ಮೇಲು. ಗಾದೆ ಹಾಗಲ್ಲ ಎಂದು ತಿದ್ದಲು ಬರಬೇಡಿ. ಬಿ.ಎ. ಮುಗಿಸಿ ಫುಟ್‌ಬಾಲ್ ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ನಾನು. ಗಾದೆ ಹರಿಯುವ ಹಕ್ಕೂ ನನಗಿದೆ. ಆದರೆ ಈಗ ಹೇಳಹೊರಟಿರುವ ಸಂಗತಿಯನ್ನು ಎಲ್ಲಿಯೂ ಹರಿದಿಲ್ಲ, ಹೊಲಿದೂ ಇಲ್ಲ. ನಡೆದದ್ದು ನಡೆದ ಹಾಗೆಯೇ ಇದೆ. ಅದನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಗೋಲಿನ ಬಲೆಯ ಹಿಂದೆ ಒಂಟಿಯಾಗಿ ನಿಂತಿದ್ದ ಒಂದು ಸ್ಟೂಲು. ಕಬ್ಬಿಣದ ಮೂರು ಕಾಲು, ಅವುಗಳ ನೆತ್ತಿಯ ಮೇಲೆ ಹಳೆಯ ಸೈಕಲ್ಲಿನ ಸೀಟು. ಯಾರಾದರೂ ಕೂತರೆ ಅದರ ಸ್ಪ್ರಿಂಗು ಕಿರುಗುಟ್ಟುತ್ತಿತ್ತು.

ಸ್ಟೂಲು ಸೈಕಲ್ ರಿಪೇರಿಯ ಚೀನಪ್ಪನದು. ತನ್ನ ಅಂಗಡಿಯಲ್ಲೇ ಬೆಸುಗೆ ಹಾಕಿಕೊಂಡದ್ದು. ಹೆಂಡತಿ ಮಕ್ಕಳಿಲ್ಲದ ಆತ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ನಮ್ಮ ಕ್ಲಬ್ಬಿನ ಆಟವಿದ್ದ ದಿನ ಅಂಗಡಿಗೆ ಬೀಗ ಹಾಕಿ ಬಂದು, ನಮ್ಮ ಗೋಲ್‌ಕೀಪರ್ ಲಾಜರನ ಬೆನ್ನ ಹಿಂದೆ ಕೂತು, ಆಟ ಮುಗಿಯುವವರೆಗೂ ಅವನನ್ನು ಬೈಯುತ್ತಿದ್ದ. ಅರ್ಧ ಆಟದಲ್ಲಿ ತಂಡಗಳು ಬದಿ ಬದಲಿಸಿದರೆ ಸ್ಟೂಲನ್ನು ಹೆಗಲಿಗೇರಿಸಿಕೊಂಡು ತಾನೂ ಆ ಬದಿಗೆ ಹೋಗುತ್ತಿದ್ದ. ಲಾಜರ ಚೆಂಡು ಬಿಟ್ಟರೆ, ಅವನ ಅಜ್ಜಿ ಬಂದು ನಿಂತಿದ್ದರೂ ಸೆರಗಿನಲ್ಲಿ ಹಿಡಿಯುತ್ತಿದ್ದಳು ಎನ್ನುತ್ತಿದ್ದ. ಹಿಡಿದರೆ, ಚೆಂಡೇ ದಾರಿ ತಪ್ಪಿ ಇವನ ಕೈಗೆ ಬಂತು ಎನ್ನುತ್ತಿದ್ದ. ಹೊಗಳಿದ್ದನ್ನು ಯಾರೂ ಕೇಳಿಲ್ಲ. ಲಾಜರನೂ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಉತ್ತರ ಕೊಟ್ಟವನಲ್ಲ. ಕತ್ತು ಕೂಡ ತಿರುಗಿಸಿದವನಲ್ಲ. ದವಡೆ ಬಿಗಿಹಿಡಿದು ಮುಂದೆ ನೋಡುತ್ತಿದ್ದ, ಅಷ್ಟೆ.

ಆಮೇಲೆ ಆ ಕಾಯಿಲೆ ಬಂತು. ಊರಿನ ಬಾಗಿಲುಗಳೆಲ್ಲ ಮುಚ್ಚಿದವು, ನಮ್ಮ ಗೇಟೂ ಮುಚ್ಚಿತು.

ನಮ್ಮದು ಸಂಬಳದ ಕ್ಲಬ್ಬು. ಆಟಗಾರರು ಒದೆಯುವುದು ಚೆಂಡನ್ನಾದರೂ ಅವರ ಮನೆಯ ಒಲೆ ಉರಿಯುತ್ತಿದ್ದುದು ಗೇಟಿನ ದುಡ್ಡಿನಿಂದ. ಗೇಟು ಮುಚ್ಚಿದ ಮೇಲೆ ಒಂದೊಂದಾಗಿ ಎಲ್ಲವೂ ಕಳಚಿಕೊಂಡವು. ಮೈದಾನದ ಸುತ್ತ ಬೋರ್ಡು ಹಾಕಿಸಿದ್ದ ಸೋಡಾ ಕಂಪನಿಯವರು ಬಾಕಿಯ ಜೊತೆಗೆ ಬೋರ್ಡನ್ನೂ ಹೊತ್ತುಕೊಂಡು ಹೋದರು. ಜರ್ಸಿಯ ಎದೆಯ ಮೇಲೆ ಹೆಸರು ಬರೆಸಿದ್ದ ಜವಳಿ ಅಂಗಡಿಯವರು ತಮ್ಮ ಅಂಗಡಿಯೇ ತೆರೆಯುತ್ತಿಲ್ಲ, ಇನ್ನು ಎದೆ ಯಾಕೆ ಎಂದರು. ಹೊಸ ಜರ್ಸಿ ಹೊಲಿಸಲು ಶಕ್ತಿಯಿಲ್ಲದೆ ಆ ಹೆಸರಿನ ಮೇಲೆ ತೇಪೆ ಹಾಕಿದೆವು. ಸಂಬಳ ಅರ್ಧವಾಯಿತು, ಅರ್ಧದಲ್ಲಿ ಅರ್ಧವಾಯಿತು, ಕೊನೆಗೆ ಅಕ್ಕಿಯಾಯಿತು. ಎಡಗಡೆಯಲ್ಲಿ ಗಾಳಿಯಂತೆ ಓಡುತ್ತಿದ್ದ ದಸ್ತಗೀರ್ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿದ. ಹೊರ ಊರಿನಿಂದ ಬಂದಿದ್ದ ಇಬ್ಬರು ಬೂಟುಗಳ ದಾರ ಗಂಟು ಹಾಕಿ ಕೊರಳಿಗೆ ಜೋತುಬಿಟ್ಟುಕೊಂಡು ನಡೆದೇ ತಮ್ಮ ಊರಿಗೆ ಹೊರಟುಹೋದರು.

ಅಷ್ಟರಲ್ಲೂ ಕ್ಲಬ್ಬನ್ನು ಎಳೆದದ್ದು ಕಾರ್ಯದರ್ಶಿ ವಾಮನರಾಯರು. ಆಟಗಾರರನ್ನು ಊರೂರಿಗೆ ಒಯ್ಯುತ್ತಿದ್ದ ಕ್ಲಬ್ಬಿನ ಹಸಿರು ವ್ಯಾನನ್ನು ಅವರು ಪುರಸಭೆಗೆ ಬಾಡಿಗೆಗೆ ಕೊಟ್ಟರು. ಏನು ಸಾಗಿಸುತ್ತಾರೆ ಎಂದು ಕೇಳಿದರೆ ರೇಷನ್ನು ಎಂದರು. ಡ್ರೈವರು ಹೆದರಿ ಬಿಟ್ಟುಹೋಗಿದ್ದರಿಂದ ಲಾಜರನೇ ವ್ಯಾನು ಓಡಿಸಿದ. ಗೋಲು ಬಿಡುವವನ ಕೈಗೆ ಗಾಡಿ ಕೊಟ್ಟಿದ್ದೀರಿ, ಮೂಟೆಗಳನ್ನು ದಾರಿಯಲ್ಲಿ ಕೈಬಿಟ್ಟಾನು ಎಂದು ನಾನು ನಗೆಯಾಡಿದೆ. ರಾಯರು ನಗಲಿಲ್ಲ. ದುಡ್ಡಿನ ಚಿಂತೆಯಿರಬೇಕು ಎಂದುಕೊಂಡೆ.

ಕಾಯಿಲೆ ಸ್ವಲ್ಪ ಹಿಂಜರಿದಾಗ ಲೀಗಿನವರು, ಪ್ರೇಕ್ಷಕರಿಲ್ಲದೆ ಉಳಿದ ಆಟಗಳನ್ನು ಮುಗಿಸಿ ಎಂದರು. ಕೊನೆಯ ಸ್ಥಾನದಲ್ಲಿ ನಿಂತ ತಂಡ ಲೀಗಿನಿಂದ ಹೊರಗೆ. ಲೀಗಿನಿಂದ ವರ್ಷವರ್ಷ ಬರುವ ಪಾಲೂ ಇಲ್ಲ. ನಾವಾಗ ಕೊನೆಯವರಿಗಿಂತ ಒಂದೇ ಮೆಟ್ಟಿಲು ಮೇಲಿದ್ದೆವು. ರಾಯರು ಎಲ್ಲರನ್ನೂ ದೂರ ದೂರ ನಿಲ್ಲಿಸಿಕೊಂಡು ಹೇಳಿದರು: "ಇನ್ನೊಂದು ಮೆಟ್ಲು ಇಳಿದ್ರೆ ಮೈದಾನದ ಬೀಗದಕೈ ಪುರಸಭೆಗೆ ಕೊಡ್ತೀನಪ್ಪ. ನನ್ನ ಹತ್ರ ಮಾರೋದಕ್ಕೆ ಇನ್ನೇನೂ ಉಳಿದಿಲ್ಲ."

ಹರಿಯಲು ಟಿಕೆಟ್ಟಿಲ್ಲದ ನನಗೆ ಮೈಕಿನ ತಗಡಿನ ಕೋಣೆಯೊಂದೇ ಉಳಿಯಿತು. ಸುತ್ತಲ ಬೀದಿಯವರು ಮನೆಯಲ್ಲೇ ಕೂತು ಕೇಳಲಿ, ಆಟವನ್ನು ವಿವರಿಸು ಎಂದಿದ್ದರು ರಾಯರು. ಖಾಲಿ ಮೈದಾನದಲ್ಲಿ ಬೂಟು ಚೆಂಡಿಗೆ ತಾಗುವ ಸದ್ದು ಬಾಗಿಲು ಬಡಿದಂತೆ ಕೇಳುತ್ತಿತ್ತು. ಆ ಮೌನದಲ್ಲಿ ಲಾಜರ ಕೆಟ್ಟುಹೋದ. ಮೂರು ವರ್ಷದ ಕೂಸು ಹಿಡಿಯಬಹುದಾದ ಚೆಂಡುಗಳು ಅವನ ಕಾಲ ಸಂದಿನಲ್ಲಿ ಉರುಳಿ ಹೋದವು. ಎರಡು ಆಟ ಸೋತೆವು. ಪ್ರತಿ ಗೋಲಾದಾಗಲೂ ಅವನು ಬೇಲಿಗೆ ಸರಪಳಿ ಹಾಕಿದ್ದ ಆ ಸ್ಟೂಲನ್ನು ನೋಡುತ್ತಿದ್ದ. ಬೈಗುಳವಿಲ್ಲದೆ ಕೈ ಆಡುತ್ತಿಲ್ಲ ಎಂದು ನನಗೆ ಹೊಳೆಯಿತು. ಚೀನಪ್ಪನ ಅಂಗಡಿಗೆ ಹೋದರೆ ಬೀಗ. ಅಕ್ಕನ ಊರಿಗೆ ಹೋಗಿರಬೇಕು ಎಂದರು ಪಕ್ಕದವರು.

ದನಿ ಕದಿಯುವುದು ನನ್ನ ಹಳೆಯ ಚಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ, ಪ್ರಿನ್ಸಿಪಾಲರ ಸ್ವಂತ ದನಿಯಲ್ಲಿ ಅಮಾನತು ಕೇಳಿಸಿಕೊಂಡವನು. ಮೂರನೆಯ ಆಟದಲ್ಲಿ ಮೈಕಿಗೆ ಕರವಸ್ತ್ರ ಸುತ್ತಿ, ಮೂಗಿನಲ್ಲಿ ಸ್ವಲ್ಪ ತುಕ್ಕು ಬೆರೆಸಿ ಚೀನಪ್ಪನ ದನಿ ಬಿಟ್ಟೆ: "ಏಯ್ ಲಾಜರ, ಕೈಗೆ ಬೆಣ್ಣೆ ಸವರ್ಕೊಂಡ್ ಬಂದಿದ್ಯೇನೋ. ಗೋಲ್‌ಕಂಬ ಆದ್ರೂ ನೆಟ್ಟಗ್ ನಿಂತೈತೆ, ನೀನ್ಯಾಕೋ ಅದಕ್ಕೊರಗ್ಕೊಂಡಿದೀಯ."

ಬೈಗುಳಕ್ಕೆ ಲಾಜರ ಮೊದಲ ಸಲ ಕತ್ತು ತಿರುಗಿಸಿದ. ಖಾಲಿ ಸ್ಟೂಲನ್ನು ಕಂಡು ಅವನ ಮುಖ ಸುಣ್ಣವಾಯಿತು. ಹಣೆ, ಎದೆ, ಹೆಗಲು ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದ. ನಾನು ಮೇಜಿನ ಕೆಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎದ್ದು ನೋಡಿದಾಗ ಅವನು ನನ್ನ ಕೋಣೆಯನ್ನೇ ನೋಡುತ್ತಿದ್ದ, ಬಹಳ ಹೊತ್ತು. ಅಷ್ಟರಲ್ಲಿ ಎದುರಾಳಿಗಳ ಚೆಂಡು ಬಂತು. ಹಾರಿ ಹಿಡಿದ. ಆಮೇಲೆ ಆ ದಿನ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಆಟದಲ್ಲೂ ಚೀನಪ್ಪ ಬಂದ. ರಾಯರಿಗೂ ಗುಟ್ಟು ಹೇಳಲಿಲ್ಲ. ಅವರು ಒಮ್ಮೆ ಕೋಣೆಯ ಬಾಗಿಲಲ್ಲಿ ನಿಂತು, ಏನೋ ಹೇಳಲು ಬಾಯಿ ತೆರೆದು, ಕನ್ನಡಕ ಒರೆಸಿಕೊಂಡು ಹೊರಟುಹೋದರು.

ಕೊನೆಯ ಆಟದಲ್ಲಿ ಸೋಲದಿದ್ದರೆ ಸಾಕಿತ್ತು. ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮವನೊಬ್ಬ ಎದುರಾಳಿಯ ಕಾಲಿಗೆ ಕಾಲು ಕೊಟ್ಟ. ರೆಫರಿ ಪೆನಾಲ್ಟಿ ಕೊಟ್ಟ. ರಾಯರು ಮೈದಾನಕ್ಕೆ ಬೆನ್ನು ಮಾಡಿ ನಿಂತರು. ದಸ್ತಗೀರ್ ಹುಲ್ಲಿನ ಮೇಲೆ ಕುಕ್ಕರಿಸಿದ. ನನ್ನ ನಾಲಿಗೆ ಒಣಗಿತ್ತಾದರೂ ಚೀನಪ್ಪನ ನಾಲಿಗೆ ಒಣಗುವಂಥದ್ದಲ್ಲ: "ಎಡಕ್ಕೆ ಹಾರ್ಬೇಕೋ ಬಲಕ್ಕೆ ಹಾರ್ಬೇಕೋ ಆಮೇಲ್ ನೋಡೂವಂತೆ. ಮೊದ್ಲು ನೆಲ ಬಿಟ್ಟು ಏಳೋ ಸೋಂಬೇರಿ."

ಲಾಜರ ಬಲಕ್ಕೆ ಹಾರಿದ. ಚೆಂಡು ಅವನ ಎದೆಯೊಳಗೆ ಹುದುಗಿಹೋಯಿತು. ಸಂತೋಷಕ್ಕೆ ನನಗೆ ನಾನು ಯಾರೆಂಬುದೇ ಮರೆತು, ಅದೇ ತುಕ್ಕುದನಿಯಲ್ಲಿ, "ಭೇಷ್ ಕಣೋ ಲಾಜರ" ಎಂದುಬಿಟ್ಟೆ. ಅವನು ಚೆಂಡನ್ನು ಅಪ್ಪಿಕೊಂಡು ಬೋರಲು ಬಿದ್ದಿದ್ದ. ಬೆನ್ನು ಅದುರುತ್ತಿತ್ತು. ಪೆಟ್ಟಾಗಿದೆಯೆಂದು ಎಲ್ಲರೂ ಓಡಿದರು.

ಉಳಿದುಕೊಂಡೆವು. ಕೆಲವೇ ದಿನ. ಕಾಯಿಲೆ ಮತ್ತೆ ಕೆರಳಿದಾಗ ಲೀಗಿನವರು ಆ ವರ್ಷದ ಆಟಗಳನ್ನೆಲ್ಲ ರದ್ದು ಮಾಡಿದರು. ಗೆಲುವು ಗೆಲುವಲ್ಲ, ಸೋಲು ಸೋಲಲ್ಲ, ಯಾರಿಗೂ ಪಾಲಿಲ್ಲ. ಮೆಟ್ಟಿಲು ಇಳಿಯದಿದ್ದರೂ ರಾಯರು ಹೇಳಿದ್ದಂತೆಯೇ ಬೀಗದಕೈ ಒಪ್ಪಿಸಿದರು. ಇಕ್ಕಟ್ಟಿನ ಸಂತೆಪೇಟೆಯನ್ನು ಪುರಸಭೆಯವರು ನಮ್ಮ ಬಯಲಿಗೆ ತಂದರು. ಕೊಳ್ಳುವವರು ದೂರ ದೂರ ನಿಲ್ಲಲೆಂದು ಹುಲ್ಲಿನ ಮೇಲೆಲ್ಲ ಸುಣ್ಣದ ವೃತ್ತ ಬರೆದರು. ಪೆನಾಲ್ಟಿಯ ಚುಕ್ಕೆಯ ಮೇಲೆ ಕುಂಬಳಕಾಯಿಯ ರಾಶಿ ಬಿತ್ತು.

ನನ್ನ ಸಾಮಾನು ತರಲು ಹೋದ ಮಧ್ಯಾಹ್ನ ಲಾಜರ ನಲ್ಲಿಯ ಹತ್ತಿರ ವ್ಯಾನು ತೊಳೆಯುತ್ತಿದ್ದ. ಫಿನಾಯಿಲಿನ ವಾಸನೆ ಮೂಗಿಗೆ ಅಡರುತ್ತಿತ್ತು. ಎಲ್ಲ ಮುಗಿದ ಮೇಲೆ ಅವನನ್ನು ಸ್ವಲ್ಪ ನಗಿಸಿಯಾದರೂ ಹೋಗೋಣವೆಂದು ಗುಟ್ಟು ಬಿಚ್ಚಿದೆ.

"ಲಾಜರಣ್ಣ, ಚೀನಪ್ಪ ಊರಲ್ಲೇ ಇರ್ಲಿಲ್ಲ. ಅಷ್ಟೂ ದಿನ ಬೈದಿದ್ದು ನಾನು."

"ಗೊತ್ತು ಬೀಯೆ." ಕ್ಲಬ್ಬಿನಲ್ಲಿ ನನ್ನ ಪದವಿಯೇ ನನ್ನ ಹೆಸರಾಗಿತ್ತು.

"ಹೇಗ್ ಗೊತ್ತಾಯ್ತು?"

ಅವನು ಬಟ್ಟೆ ಹಿಂಡಿ ಕನ್ನಡಿಯ ಮೇಲೆ ಹರವಿದ. "ಅವನ್ನ ತಗೊಂಡ್ ಹೋಗಿ ಮಣ್ಣು ಮಾಡಿದ್ದೇ ನಾನಲ್ವ. ಇದೇ ವ್ಯಾನಲ್ಲಿ."

ನಾನು ವ್ಯಾನನ್ನು ನೋಡಿದೆ. ಪಕ್ಕದಲ್ಲಿ ಕ್ಲಬ್ಬಿನ ಹೆಸರು, ಹೆಸರಿನ ಕೆಳಗೆ ಚೆಂಡಿನ ಚಿತ್ರ. ರೇಷನ್ನು ಎಂದಿದ್ದರಲ್ಲ ರಾಯರು ಎಂದೆ.

"ಇನ್ನೇನ್ ಅಂತಾರೆ? ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ಸ್ಮಶಾನಕ್ಕೆ. ಆ ಬಾಡಿಗೇಲೇ ನಿಮಗೆಲ್ಲ ಅಕ್ಕಿ ಬಂದಿದ್ದು. ಗೊತ್ತಾಗಿದ್ರೆ ನೀವ್ಯಾರಾದ್ರೂ ಉಣ್ತಿದ್ರಾ?"

ಚೀನಪ್ಪನ ಅಕ್ಕನಿಗೆ ಸುದ್ದಿ ಕಳಿಸಿದ್ದರಂತೆ, ಬರುವ ದಾರಿಯೇ ಇರಲಿಲ್ಲವಂತೆ. ಲಾಜರ ನಲ್ಲಿ ನಿಲ್ಲಿಸಿದ. "ದಾರಿ ಉದ್ದಕ್ಕೂ ನನ್ನ ಬೆನ್ನಿಂದೇನೇ ಇದ್ದ ನೋಡು. ಬೆನ್ನಿಂದೆ ಇದ್ದು ಅವ್ನು ಬಾಯಿ ಮುಚ್ಕೊಂಡಿದ್ದು ಅದೇ ಮೊದ್ಲು. ನಂಗೆ ತಡ್ಯಕ್ಕಾಗ್ಲಿಲ್ಲ. ನಾನೇ ಬೈದೆ. ಇಷ್ಟು ವರ್ಷದ್ದೆಲ್ಲಾನೂ ತಿರುಗ್ಸಿ ಬೈದೆ, ಗುಂಡಿ ಹತ್ರ ಹೋಗೋವರ್ಗೂ."

ನಾನು ವ್ಯಾನಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅವನೇ ಮುಂದುವರಿಸಿದ: "ಹಂಗ್ ಕಳಿಸಿ ಬಂದ್ರೆ, ಮೈಕಲ್ಲಿ ಮತ್ತೆ ಬೆಣ್ಣೆ ಅಂತಾನೆ. ಎದೆ ನಿಂತೋಯ್ತು ಮಾರಾಯ. ಬೈದ ಭರಾಟೇಲಿ ಜೀವ ಇದ್ದೋನ್ನೇ ಹೂತ್ಬಿಟ್ನೇನೋ ಅಂತ."

"ಯಾಕಣ್ಣ, ನಿಲ್ಸು ಅನ್ಬಾರ್ದಿತ್ತಾ?"

"ಆಟ ಮುಗಿಯೋವರ್ಗೂ ಇರ್ಲಿ ಪಾಪ ಅಂದ್ಕೊಂಡೆ. ನಾನು ನಿಲ್ಸಿದ್ರೆ ಎರಡನೇ ಸಲ ಸಾಯ್ತಿದ್ದ." ಆಮೇಲೆ ನನ್ನನ್ನು ಓರೆಗಣ್ಣಿನಲ್ಲಿ ನೋಡಿದ. "ಆದ್ರೆ ಕೊನೇಲಿ ಭೇಷ್ ಅಂದ್ಯಲ್ಲ, ಅಲ್ಲಿ ಕೆಟ್ಟೆ ನೀನು. ಚೀನಪ್ಪ ಸತ್ರೂ ಭೇಷ್ ಅನ್ನೋನಲ್ಲ."

ಹೇಳಿದ ಮೇಲೆ ತನ್ನ ಮಾತು ತನಗೇ ತಟ್ಟಿ, ತುಟಿ ಕಚ್ಚಿಕೊಂಡ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಸುಣ್ಣದ ವೃತ್ತಗಳನ್ನು ಒಂದೊಂದಾಗಿ ದಾಟಿ ಗೋಲಿನ ಕಡೆ ನಡೆದ. ಬಲೆಯನ್ನು ಯಾರೋ ಬಿಚ್ಚಿ ಒಯ್ದಿದ್ದರು. ಕಂಬಗಳಿದ್ದವು, ಹಿಂದೆ ಆ ಸ್ಟೂಲಿತ್ತು. ನನ್ನನ್ನು ಕಂಬಗಳ ನಡುವೆ ನಿಲ್ಲಲು ಹೇಳಿ ತಾನು ಹೋಗಿ ಅದರ ಮೇಲೆ ಕೂತ. ಸ್ಪ್ರಿಂಗು ಕಿರುಗುಟ್ಟಿತು.

ನಾನು ಚೀನಪ್ಪನ ದನಿ ತೆಗೆಯಲು ಗಂಟಲು ಸರಿಮಾಡಿಕೊಂಡೆ. ದನಿ ಬರಲಿಲ್ಲ. ಎಷ್ಟೋ ಜನರ ದನಿ ಹೊತ್ತು ತಿರುಗಿದ ಆ ಗಂಟಲಲ್ಲಿ ಆಗ ನನ್ನದೂ ಇರಲಿಲ್ಲ.

ಹಿಂದಿನಿಂದ ಒಂದು ದನಿ ಬಂತು. ಒರಟಾದ, ಚೀನಪ್ಪನದನ್ನು ಯಾವ ರೀತಿಯಲ್ಲೂ ಹೋಲದ ದನಿ.

"ಏಯ್ ಬೀಯೆ, ಯಾಕೋ ಬೆದರುಬೊಂಬೆ ಹಂಗ್ ನಿಂತಿದೀಯ. ಓದಿದ್ದೆಲ್ಲ ಕಾಲಿಗಿಳಿದು ಭಾರ ಆಯ್ತೇನೋ."

ಕುಂಬಳಕಾಯಿ ಇಳಿಸುತ್ತಿದ್ದವರು ಕೈ ತಡೆದು ನಮ್ಮತ್ತ ನೋಡಿದರು. ನಾನು ದವಡೆ ಬಿಗಿಹಿಡಿದು ಮುಂದೆ ನೋಡಿದೆ. ಎದುರಿಗೆ, ಯಾರೂ ನಿಲ್ಲದ ಬಿಳಿ ವೃತ್ತಗಳು ಬಯಲಿನ ಆ ತುದಿಯವರೆಗೂ ಹೋಗಿದ್ದವು. ಬೆನ್ನ ಹಿಂದೆ ಲಾಜರ ನಗತೊಡಗಿದ. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬಂದವನಂತೆ ಬಿಟ್ಟು ಬಿಟ್ಟು, ಆಮೇಲೆ ತುಂಬಿದ ಗ್ಯಾಲರಿಯೊಂದು ನಗುವಷ್ಟು ಜೋರಾಗಿ. ಆ ನಗುವಿನ ಅಡಿಯಲ್ಲಿ ಸೈಕಲ್ ಸೀಟು ಒಂದೇ ಸಮನೆ ಕಿರುಗುಟ್ಟುತ್ತಲೇ ಇತ್ತು. ನಾನು ಕತ್ತು ತಿರುಗಿಸಲಿಲ್ಲ.