ನೀರಿಗೆ ಹಾಕದ ಬಂಗಾರ

"ಚೆಲ್ಲಬ್ಯಾಡ್ರಿ! ಅದರಾಗ ಬಂಗಾರ ಐತಿ!"

ಅನುರಾಧಾ ಪಡಸಾಲೆಯಿಂದ ಓಡಿಬಂದಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದೆಂದು ಕೊಡ, ಬಕೆಟ್ಟುಗಳನ್ನೆಲ್ಲ ಬಚ್ಚಲಿಗೆ ಸುರಿಯುತ್ತಿದ್ದ ನೆರೆಮನೆಯ ನೀಲಪ್ಪನ ಹೆಂಡತಿ, ಬೋಗುಣಿಯನ್ನು ಓರೆ ಮಾಡಿದವಳು ಹಾಗೆಯೇ ನಿಂತಳು. ಅಂಟುವಾಳದ ನೊರೆ ಅಂಚಿಗೆ ಬಂದಿತ್ತು.

"ಅತ್ತಿ ನಿನ್ನಿ ಸಂಜೀಕ ನೆನಿ ಇಟ್ಟಿದ್ರು," ಎಂದು ಅನುರಾಧಾ ಬೋಗುಣಿಯನ್ನು ಎದೆಗೆ ಅವುಚಿಕೊಂಡಳು.

ಅತ್ತೆ ಚೌಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಮ್ಮದೇ ಮಗ್ಗದ ಕಡುನೀಲಿ ಸೀರೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಎಂಬತ್ತೊಂದು ವರ್ಷ. ಬೆಳಗಿನ ಚಹಾ ಕುಡಿದು, ಸಕ್ಕರೆ ಕಡಿಮೆಯಾಗಿದೆಯೆಂದು ಸೊಸೆಯ ಮೇಲೆ ದೂರು ಹೇಳಿ, ಕಪ್ಪು ಕೆಳಗಿಟ್ಟು ಹೋಗಿಬಿಟ್ಟಿದ್ದಳು. ಇಂಥ ಸಾವು ಎಷ್ಟು ಜನಕ್ಕೆ ಸಿಗುತ್ತದೆ ಎಂದು ಬೆಟಗೇರಿಯ ಆ ನೇಕಾರರ ಓಣಿಯೇ ಹೊಟ್ಟೆಕಿಚ್ಚು ಪಡುತ್ತಿತ್ತು. ಭಜನೆಯವರು ಆಗಲೇ ಬಂದು ಕಟ್ಟೆಯ ಮೇಲೆ ಕೂತು ಚಹಾದ ದಾರಿ ನೋಡುತ್ತಿದ್ದರು.

ಐವತ್ತು ವರ್ಷಗಳಿಂದ ಓಣಿಯ ಒಡವೆಗಳೆಲ್ಲ ಮದುವೆ, ಕುಬಸ, ಹಬ್ಬಗಳಿಗೆ ಮುಂಚೆ ಚೌಡವ್ವನ ಕೈಗೆ ಬಂದು ಹೋಗುತ್ತಿದ್ದವು. ಬಂಗಾರಕ್ಕೆ ಬೆಚ್ಚಗಿನ ಅಂಟುವಾಳದ ನೀರು, ಬೆಳ್ಳಿಗೆ ವಿಭೂತಿ, ಮುತ್ತಿಗೆ ಮೆತ್ತನೆಯ ಹಳೆ ಬಟ್ಟೆ. ಹವಳವನ್ನು ಹುಣಸೆಹಣ್ಣಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಯಾರಾದರೂ ಕೂಲಿ ಕೊಡಹೋದರೆ ಬೈಗುಳ ತಿಂದು ಬರುತ್ತಿದ್ದರು. ಒಡವೆಗಳನ್ನು ಮುಟ್ಟುವುದೇ ಅವಳಿಗೊಂದು ಚಟ.

"ಮಂದಿ ಒಡವಿ ಮನ್ಯಾಗಿಟ್ಟು ಹೆಣ ಎತ್ತೂದು ಬ್ಯಾಡ," ಎಂದ ಓಣಿಯ ಹಿರಿಯ ಪುಂಡಲೀಕಪ್ಪ, ಚೌಡವ್ವನ ಮಗ ಮನೋಹರನಿಗೆ. "ಅವರವರದು ಅವರವರಿಗೆ ಎಲ್ಲಾರ ಮುಂದ ಕೊಟ್ಟುಬಿಡು. ನಾಳಿ ಒಂದು ಗುಂಡು ಕಡಿಮಿ ಆತಂದ್ರ ಇಲ್ಲದ ಮಾತು ಬರ್ತಾವ."

"ಖರೆ ಐತಿ ಕಾಕಾ," ಎಂದ ಮನೋಹರ.

ಕಂಬಕ್ಕೆ ಒರಗಿ ಮನಸಾರೆ ಅಳುತ್ತಿದ್ದ ಕಸ್ತೂರೆವ್ವನ ಅಳು ಅಲ್ಲಿಗೇ ನಿಂತಿತು. ಅವಳ ಬೋರಮಾಳ ಈ ಮನೆಯಲ್ಲೇ ಇತ್ತು. ನಾಡಿದ್ದು ಲಕ್ಷ್ಮೇಶ್ವರದಲ್ಲಿ ಮಗಳು ಶಿವರಂಜನಿಯ ನಿಶ್ಚಯ; ಅದಕ್ಕೆ ಹೊರಟ ಓಣಿಯ ಹೆಂಗಸರು ತಮ್ಮ ಒಡವೆಗಳನ್ನೂ ಇಲ್ಲಿಗೆ ಕೊಟ್ಟಿದ್ದರು. ಆ ಸಂಬಂಧ ತಂದವಳು ಎದುರುಮನೆಯ ಅಮೃತವ್ವ. ವರ ಕೊಟ್ರೇಶ ಅವಳ ತಮ್ಮನ ಮಗ. ಹೆಣ್ಣಿನ ತಾಯಿಯ ಕೊರಳಲ್ಲಿ ಅತ್ತೆಯ ಕಾಲದ ಬೋರಮಾಳ ಇದೆ, ಒಳ್ಳೆಯ ಮನೆತನ ಎಂದು ತಮ್ಮನ ಹೆಂಡತಿಯ ಎದುರು ಹೊಗಳಿ ಬಂದವಳೂ ಅವಳೇ. ಕಣ್ಣಿನಲ್ಲೇ ಬಂಗಾರದ ಬಣ್ಣ ಹೇಳುತ್ತೇನೆಂದು ಕೊಚ್ಚಿಕೊಳ್ಳುವ ಅಮೃತವ್ವ ಈಗ ಸರಿಯಾಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಆ ಬೋರಮಾಳವೋ, ಬಂಗಾರದ ನೀರು ಕೊಟ್ಟ ತಾಮ್ರದ ಗುಂಡುಗಳ ಸರ.

*

ನಾಲ್ಕು ವರ್ಷಗಳ ಹಿಂದೆ ಮಗಳ ನರ್ಸಿಂಗ್ ಓದಿಗೆಂದು ಕಸ್ತೂರೆವ್ವ ಅಸಲು ಬೋರಮಾಳ ಮಾರಿ, ನೋಡಲು ಅಂಥದ್ದೇ ಆದ ಒಂದನ್ನು ಹುಬ್ಬಳ್ಳಿಯಿಂದ ತಂದಿದ್ದಳು. ಗಂಡ ಸಂಗಪ್ಪನನ್ನು ಬಿಟ್ಟರೆ ಈ ಸುದ್ದಿ ಯಾರಿಗೂ ತಿಳಿಯದು. ಪಂಚಮಿ ಬಂತು. ಓಣಿಯ ಹೆಂಗಸರೆಲ್ಲ ಚೌಡವ್ವನ ಮನೆಗೆ ಒಡವೆ ಒಯ್ದರು. ತಾನೊಬ್ಬಳು ಒಯ್ಯದಿದ್ದರೆ ಅನುಮಾನ ಬರುತ್ತದೆಂದು ಇವಳೂ ಒಯ್ದಳು.

ಚೌಡವ್ವ ಅದನ್ನು ಅಂಗೈಯಲ್ಲಿಟ್ಟು ತೂಗಿದಳು. ಒಂದು ಗುಂಡನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಇದನ್ನ ನೀರಿಗೆ ಹಾಕಾಂಗಿಲ್ಲ ಬೇ."

"ಯಾಕ ಆಯಿ?"

"ಹಳೇ ಬಂಗಾರ ಇದು. ನೀರು ಸೋಂಕಿದ್ರ ಬಣ್ಣ ಬಿಡತೈತಿ. ಒಣಾ ಅರಬೀಲೆ ಒರಸಿ ಅರಳ್ಯಾಗ ಸುತ್ತಿ ಇಡ್ತೀನಿ, ಹೋಗು."

ಹಳೆಯ ಬಂಗಾರ ನೀರಿಗೆ ಬಣ್ಣ ಬಿಡುವುದನ್ನು ಈ ಲೋಕದಲ್ಲಿ ಯಾರಾದರೂ ಕಂಡಿದ್ದಾರೆಯೇ? ಆಯಿಗೆ ಗೊತ್ತಾಯಿತೆಂದು ಕಸ್ತೂರೆವ್ವನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಆಯಿ ಸಾಯುವವರೆಗೂ ಬಾಯಿ ಬಿಡುವುದಿಲ್ಲವೆಂಬುದೂ ಗೊತ್ತಾಯಿತು. ಮನೆಗೆ ಹೋಗಿ ಒಲೆಯ ಮುಂದೆ ಕೂತು ಸಮಾಧಾನವಾಗುವಷ್ಟು ಅತ್ತಳು. ಅಂದಿನಿಂದ ಅವಳಿಗೆ ಚೌಡವ್ವ ಹೆತ್ತ ತಾಯಿಗಿಂತ ಒಂದು ಕೈ ಹೆಚ್ಚು.

*

ಅನುರಾಧಾ ಬೋಗುಣಿಯಲ್ಲಿ ಕೈಯಾಡಿಸಿದಳು. ನೊರೆಯೊಳಗಿಂದ ಒಂದು ಜೊತೆ ಬೆಂಡೋಲೆ ಬಂದವು.

"ಇವು ಅತ್ತೀವು," ಎಂದಳು.

"ಉಳದದ್ದು ತಗಿಯವಾ," ಎಂದ ಪುಂಡಲೀಕಪ್ಪ.

"ಇದರಾಗ ಮತ್ತೇನೂ ಇಲ್ಲ ಕಾಕಾ."

ಮನೋಹರ ಬಗ್ಗಿ ಬೋಗುಣಿಯೊಳಗೆ ಇಣುಕಿದ. ಅನುರಾಧಾ ಮಾತ್ರ ಅವಸರ ಮಾಡದೆ ಬೆಂಡೋಲೆಗಳನ್ನು ಒರೆಸಿ ಅತ್ತೆಯ ಕಿವಿಗೆ ಹಾಕಿದಳು, ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಳು. ಅದರಲ್ಲಿ ಅರಳೆಯಲ್ಲಿ ಸುತ್ತಿದ ಏಳು ಗಂಟುಗಳಿದ್ದವು. ಓದು ಬಾರದ ಚೌಡವ್ವ ಒಂದೊಂದು ಗಂಟಿಗೂ ಆಯಾ ಮನೆಯ ಮಗ್ಗದ ಬಣ್ಣದ ನೂಲು ಕಟ್ಟಿದ್ದಳು.

"ಇವನ್ನ ಅತ್ತಿ ಎಂದೂ ನೀರಿಗೆ ಹಾಕ್ಲಿಲ್ಲ. ಯಾಕಂತ ಕೇಳಿದ್ರ ನಿನಗ್ಯಾಕ ಅಂತಿದ್ರು."

ಕಸ್ತೂರೆವ್ವ ಕಣ್ಣು ಮುಚ್ಚಿದಳು. ಮುಗಿಯಿತು. ಅಮೃತವ್ವ ಎದ್ದದ್ದು ಅವಳ ಬಳೆಗಳ ಸದ್ದಿನಿಂದಲೇ ತಿಳಿಯಿತು.

"ಈ ಕೆಂಪು ನೂಲಿಂದು ನಂದು," ಎಂದಳು ಅಮೃತವ್ವ, ಗತ್ತಿನಿಂದ. "ನಂದು ಹಳೇ ಬಂಗಾರ. ನೀರು ಸೋಂಕಿದ್ರ ಬಣ್ಣ ಬಿಡತೈತಿ ಅಂತ ಚೌಡವ್ವನೇ ಹೇಳಿದ್ಲು."

ಕಸ್ತೂರೆವ್ವ ಕಣ್ಣು ತೆರೆದಳು.

"ಅಯ್ಯ, ನನಗೂ ಹಂಗ ಹೇಳಿದ್ಲಲ್ಲ, ನಂದೂ ಹಳೇ..." ಎಂದು ಶುರುಮಾಡಿದ ನೀಲಪ್ಪನ ಹೆಂಡತಿ ಅರ್ಧಕ್ಕೇ ನಿಂತು ತೆರೆದ ಬಾಯನ್ನು ಕೈಯಿಂದ ಮುಚ್ಚಿಕೊಂಡಳು.

ಪಡಸಾಲೆಯ ಹೆಂಗಸರಿಗೆಲ್ಲ ಒಮ್ಮೆಲೇ ನೋಡಲು ಬೇರೆ ಬೇರೆ ವಸ್ತುಗಳು ಸಿಕ್ಕವು. ಒಬ್ಬಳು ತೊಲೆ ನೋಡಿದಳು, ಒಬ್ಬಳು ತನ್ನ ಕಾಲುಂಗುರ ನೋಡಿದಳು. ಅಮೃತವ್ವ ತನ್ನ ಕೈಯ ಗಂಟನ್ನೇ ಯಾರದೋ ಎಂಬಂತೆ ನೋಡುತ್ತ ನಿಂತಳು. ಗಂಡಸರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

"ಏಳೂ ಹಳೇ ಬಂಗಾರನ?" ಪುಂಡಲೀಕಪ್ಪನಿಗೆ ಅಭಿಮಾನ ಉಕ್ಕಿಬಂತು. "ನೋಡ್ರಿ, ನಮ್ಮ ಓಣಿ ಹೆಣ್ಮಕ್ಕಳು ಹಿರೇರ ಒಡವಿ ಎಷ್ಟು ಜ್ವಾಕಿ ಮಾಡ್ಯಾರ! ಈಗಿನ ಬಂಗಾರದಾಗ ಏನೈತಿ, ಬರೇ ಬೆರಕಿ! ಆ ಹಸಿರು ನೂಲಿಂದು ಯಾರದವಾ?"

ಕಸ್ತೂರೆವ್ವ ಎದ್ದಳು. ಅಮೃತವ್ವ ನೆಟ್ಟಗೆ ಅವಳನ್ನೇ ನೋಡುತ್ತಿದ್ದಳು. ಓಣಿಯಲ್ಲಿ ತಾನೊಬ್ಬಳೇ ಕಳ್ಳಿಯೆಂದು ನಾಲ್ಕು ವರ್ಷ ತಲೆ ತಗ್ಗಿಸಿ ನಡೆದಿದ್ದವಳಿಗೆ ಈಗ ಎಲ್ಲಿಂದ ಧೈರ್ಯ ಬಂತೋ, ತಲೆಯೆತ್ತಿದಳು.

"ನಂದು," ಎಂದಳು. "ನಂದೂ ಹಳೇದ ಅಕ್ಕಾ."

ಅಮೃತವ್ವನ ಮೂಗಿನ ಹೊಳ್ಳೆ ಅರಳಿತು. ತುಟಿ ಬಿಗಿಹಿಡಿದಳು. ತಡೆಯಲಾಗದೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು, ಭುಜಗಳು ಕುಲುಕತೊಡಗಿದವು. ಹಿಂದೆಯೇ ನೀಲಪ್ಪನ ಹೆಂಡತಿ. ನೋಡನೋಡುತ್ತಿದ್ದಂತೆ ಏಳೂ ಹೆಂಗಸರು ಸೆರಗಿನೊಳಗೆ ಸೇರಿಕೊಂಡು ಬಿಕ್ಕತೊಡಗಿದರು.

"ಅಳಬ್ಯಾಡ್ರಿ ತಂಗೀ," ಎಂದ ಪುಂಡಲೀಕಪ್ಪ, ತಾನೂ ಕಣ್ಣೊರೆಸಿಕೊಳ್ಳುತ್ತ. "ತುಂಬು ಬಾಳೇವು ಮಾಡಿ ಹೊಂಟಾಳ. ನಕ್ಕೋಂತ ಕಳಸ್ರಿ ಆಕೀನ."

ಅಷ್ಟೇ ಸಾಕಾಯಿತು. ಯಾವುದೋ ಸೆರಗಿನೊಳಗಿಂದ ನಗು ಕಟ್ಟೆಯೊಡೆದು ಹೊರಗೆ ಬಂತು. ಹೊರಡುವ ಹೊತ್ತಾಯಿತೆಂದು ತಿಳಿದ ಭಜನೆಯವರು ತಾಳ ಹಾಕಿಯೇಬಿಟ್ಟರು. ಆ ಗದ್ದಲದಲ್ಲಿ ಕಸ್ತೂರೆವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಇಷ್ಟು ಹಗುರವಾಗಿ ಅವಳು ಉಸಿರಾಡಿ ಬಹಳ ದಿನಗಳಾಗಿದ್ದವು.

ಮನೋಹರ ತಾಯಿಯನ್ನು ಎತ್ತಲು ಮುಂದಾದ. ಕಸ್ತೂರೆವ್ವ ಬೋರಮಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಹೋದಾಗ ಅಮೃತವ್ವ ಅವಳ ಕೈ ಹಿಡಿದಳು.

"ಸೊಂಟಕ್ಕ ಯಾಕ? ಕೊಳ್ಳಾಗ ಹಾಕ್ಕೋ. ಆಕಿ ಒರಸಿ ಇಟ್ಟದ್ದು, ಆಕೀಗೊಮ್ಮೆ ಕಾಣ್ಲಿ."

"ಅಕ್ಕಾ, ನಾಡದು ಲಕ್ಷ್ಮೇಶ್ವರದಾಗ ನಿಮ್ಮ ತಮ್ಮನ ಹೆಂಡ್ತಿ ಹಿಡದು ನೋಡಿ ಏನರ ಕೇಳಿದ್ರ..."

"ನಾ ಇರ್ತೀನಲ್ಲ, ನಾ ಹೇಳ್ತೀನಿ. ತಿರುಗು ಅತ್ತಾಗ."

ಕಸ್ತೂರೆವ್ವ ತಿರುಗಿ ನಿಂತು ಜಡೆಯನ್ನು ಪಕ್ಕಕ್ಕೆ ಸರಿಸಿದಳು. ಏಪ್ರಿಲ್ ತಿಂಗಳ ಸೆಕೆ; ಕೊರಳೆಲ್ಲ ಬೆವರಿತ್ತು. ಅಮೃತವ್ವ ಕೊಂಡಿ ಬಿಚ್ಚಿದವಳು ತಡೆದು ನಿಂತಳು. ಬೋರಮಾಳವನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಸೆರಗಿನ ತುದಿ ತೆಗೆದುಕೊಂಡು ಅವಳ ಹೆಕ್ಕತ್ತನ್ನು, ಕೊರಳನ್ನು, ಎದೆಯ ಮೇಲ್ಭಾಗವನ್ನು ಒಂದಿಷ್ಟೂ ಪಸೆ ಉಳಿಯದ ಹಾಗೆ ಒರೆಸಿದಳು. ಬಾಗಿ ಎರಡು ಸಲ ಊದಿದಳು. ಆಮೇಲೆ ಕೊಂಡಿ ಹಾಕಿದಳು.